"ನಿಮ್ಮಪ್ಪ ಅವ್ವ ಹೇಗೆ ಕೆಲಸಕ್ಕೆ ಕಳಿಸಿದ್ರು?" ಅಂತ ಕೇಳುವವರಿಗೆ

ತಪ್ಪು ನನ್ನದೇ. ಎರಡು ವರ್ಷದ ಹಿಂದೆ ಜೂನ್ 12ಕ್ಕೆ, ಬಾಲಕಾರ್ಮಿಕ ವಿರೋಧಿ ದಿನ ಅಂತ ಹಾಸನದಲ್ಲಿ ಒಂದು ಕಾರ್ಯಕ್ರಮಕ್ಕೆ ಕರೆದಿದ್ದರು. ಮೈಕ್ ಕೈಗೆ ಬಂದ ಖುಷಿಗೆ, ನಾನೂ ಚಿಕ್ಕವಳಿದ್ದಾಗ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಹಣ್ಣು ಹೆಕ್ಕಲು ಹೋಗುತ್ತಿದ್ದೆ ಅಂದುಬಿಟ್ಟೆ. ಅವತ್ತಿನಿಂದ ಮದುವೆ ಮನೆ, ಬಸ್ಸು, ಆಫೀಸು, ಎಲ್ಲಿ ಸಿಕ್ಕರೂ ಇದೇ: "ಪಾಪ, ಓದೋ ವಯಸ್ಸಲ್ಲಿ ನಿಮ್ಮಪ್ಪ ಅವ್ವ ಹೇಗೆ ಕೆಲಸಕ್ಕೆ ಕಳಿಸಿದ್ರು?" ಆ 'ಪಾಪ' ಇದೆಯಲ್ಲ, ಅದು ನನ್ನ ತಲೆ ಸವರಿ ನಮ್ಮವ್ವನ ಕೆನ್ನೆಗೆ ಹೊಡೆಯುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯಾರೂ ಕಳಿಸಲಿಲ್ಲ. ನಾನೇ ಹೋದೆ. ಭಾನುವಾರ ಭಾನುವಾರ, ಕುಣಿದುಕೊಂಡು.

ರೋಬಸ್ಟಾ ಹಣ್ಣು ಕುಯ್ಯೋದು ಜನವರಿಯಿಂದ ಮಾರ್ಚ್ ತನಕ. ಗಿಡದ ಹಣ್ಣು ದೊಡ್ಡವರಿಗೆ, ದರಗಿನ, ಅಂದರೆ ಒಣಗಿದೆಲೆಯ, ಮೇಲೆ ಉದುರಿದ್ದನ್ನು ಹೆಕ್ಕೋದು ಮಕ್ಕಳಿಗೆ. ಬೆರಳೆಲ್ಲ ಅಂಟಂಟು, ಲಂಗದೊಳಗೆ ಚಗಳಿ ಇರುವೆ. ಆದರೆ ಗೆಳತಿಯರು ಇದ್ದರು, ಕೂಗಿದರೆ ಆ ಸಾಲಿಂದ ಯಾರಾದರೂ ಓಗೊಡುತ್ತಿದ್ದರು. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಎದುರು ಚೀಲ ತೂಕಕ್ಕೆ ಬೀಳುತ್ತಿತ್ತು. ನನ್ನ ಹೆಸರು ಬರೆಯುತ್ತಿರಲಿಲ್ಲ, ಅವ್ವನ ಲೆಕ್ಕಕ್ಕೆ ಸೇರುತ್ತಿತ್ತು. ಆದರೂ ತೂಕ ಅಂತೂ ಆಗುತ್ತಿತ್ತು.

ಅದು ಸರಿ ಅಂತ ಹೇಳುತ್ತಿಲ್ಲ, ತಕ್ಷಣ ಜಗಳಕ್ಕೆ ಬರಬೇಡಿ. 14 ವರ್ಷದೊಳಗಿನವರನ್ನು ಎಲ್ಲೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದರು, ಒಳ್ಳೆಯದೇ ಆಯಿತು. ನಾನು ಹೇಳುತ್ತಿರೋದು ಇಷ್ಟೇ, ನನ್ನ ಶಾಲೆ ತಪ್ಪಿಸಿದ್ದು ತೋಟ ಅಲ್ಲ. ಎಂಟು ತಿಂಗಳ ತಮ್ಮ.

ಅಪ್ಪ ಅವ್ವ ಇಬ್ಬರೂ ಏಳೂವರೆಗೆ ಮನೆ ಬಿಡಬೇಕಿತ್ತು. 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರಿರುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳಲು ವ್ಯವಸ್ಥೆ ಇರಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿತ್ತು. ಅವ್ವ ಹೋಗುತ್ತಿದ್ದ ತೋಟದಲ್ಲಿ ಎಲ್ಲ ಸೇರಿ ಹದಿನೈದು ಆಳು ಇದ್ದರೆ ಹೆಚ್ಚು. ಅಂಗನವಾಡಿಗೆ ಬಿಡೋಣ ಅಂದರೆ ಮೂರು ವರ್ಷ ತುಂಬಬೇಕು. ಉಳಿದಿದ್ದು ನಾನು. ಸೀರೆ ಜೋಲಿಯ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಕಾಲಲ್ಲಿ ತೂಗುತ್ತಾ, ತೊಡೆ ಮೇಲೆ ಗಣಿತದ ನೋಟ್ಸು ಇಟ್ಟುಕೊಂಡು ಕೂರುತ್ತಿದ್ದೆ. ಅಷ್ಟರಲ್ಲಿ ಹಸಿ ಸೌದೆ ಹೊಗೆ ಕಟ್ಟಿಕೊಳ್ಳುತ್ತಿತ್ತು. ಊದುಕೊಳವೆ ಹಿಡಿದು ಒಲೆ ಮುಂದೆ ಬಗ್ಗಿದರೆ ಇತ್ತ ಜೋಲಿ ನಿಂತು ಅವನು ಕಿರುಚುತ್ತಿದ್ದ.

1998ರ ಫೆಬ್ರವರಿ. ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಹನ್ನೊಂದು ದಿನ ಬಿಟ್ಟು ಶಾಲೆಗೆ ಹೋದರೆ ಮೇಷ್ಟ್ರು ಹಾಜರಿ ಪುಸ್ತಕ ತೆಗೆದರು.

"ತೋಟಕ್ಕೆ ಹೋಗಿದ್ಯೇನೇ?"

"ಇಲ್ಲ ಸಾರ್, ಮನೇಲಿದ್ದೆ."

"ಮನೇಲಿ ಸುಮ್ನೆ ಕೂತಿದ್ಯಾ?"

ಹುಡುಗರೆಲ್ಲ ನಕ್ಕರು. ನಾನು "ಹೂಂ ಸಾರ್" ಅಂದೆ. ಯಾಕೆ ಹಾಗಂದೆ ಅಂತ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ. ಬಹುಶಃ ನನಗೂ ಹಾಗೇ ಅನ್ನಿಸಿತ್ತು. ತೋಟದಲ್ಲಿ ತಕ್ಕಡಿ ಇತ್ತು, ಮನೆಯಲ್ಲಿ ಏನಿತ್ತು ತೋರಿಸೋಕೆ? ಅದಕ್ಕೆ ಸರಿಯಾದ ಉತ್ತರ ಈಗ ರಾತ್ರಿ ಮಲಗಿದಾಗ ಹೊಳೆಯುತ್ತದೆ, ಇಪ್ಪತ್ತೈದು ವರ್ಷ ಲೇಟು.

ಪರೀಕ್ಷೆ ವಾರ ಅವ್ವ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಆ ವಾರದ ಬಟವಾಡೆ ಖೋತಾ. ಹೇಗೆ ಕಳಿಸಿದ್ರು ಅಂತ ಕೇಳುವವರು ಇದನ್ನೂ ಬರೆದುಕೊಳ್ಳಿ.

ಇಷ್ಟು ಜನ ಕೇಳಿದ್ದಾರೆ, ಒಬ್ಬರಾದರೂ "ಆಗ ನಿಮ್ಮಣ್ಣ ಏನ್ ಮಾಡ್ತಿದ್ದ?" ಅಂತ ಕೇಳಿಲ್ಲ. ಮನೇಲಿ ಅಣ್ಣ ಇದ್ದಾನಾ ಅಂತಲೂ ಕೇಳಿಲ್ಲ. ಇದ್ದ ಸ್ವಾಮಿ, ಒಂಬತ್ತನೇ ಕ್ಲಾಸು. ಜ್ವರ ಬಂದಾಗ ಬಿಟ್ಟರೆ ಒಂದು ದಿನ ಶಾಲೆ ತಪ್ಪಿಸಿದವನಲ್ಲ. ಕೆಟ್ಟವನೇನಲ್ಲ, ಅವನಿಗೆ ಯಾರೂ ಹೇಳಲಿಲ್ಲ ಅಷ್ಟೇ. ಒಂದ್ಸಲ ಪೊರಕೆ ಹಿಡಿದಿದ್ದಕ್ಕೆ ಪಕ್ಕದ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಅಜ್ಜಿ ಓಡಿ ಬಂದು ಕಿತ್ತುಕೊಂಡು, "ಗಂಡುಡುಗ ಕಸ ಗುಡಿಸ್ತಾನಾ, ನಿನಗೇನೇ ರೋಗ?" ಅಂತ ನನಗೆ ಬೈದಿತ್ತು.

ಅದೇ 2016ರ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮಕ್ಕಳು ಮನೆಯವರಿಗೆ ನೆರವಾಗಬಹುದು. ಶಾಲೆ ಬಿಟ್ಟ ಮೇಲೆ ಅನ್ನೋದಕ್ಕೆ ಕನ್ನಡದಲ್ಲಿ ಎರಡು ಅರ್ಥ ಅಲ್ವಾ? ನನ್ನ ಜೊತೆ ಹಣ್ಣು ಹೆಕ್ಕಿದ ಹುಡುಗಿಯರಲ್ಲಿ ಸುಮಾರು ಜನ ಎರಡನೇ ಅರ್ಥದಲ್ಲೇ ಬಿಟ್ಟರು. ಮನೆಗೆಲಸವನ್ನು ತೂಕ ಹಾಕುವವರೇ ಇಲ್ಲ ಅಂತಲೂ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತು, 6 ವರ್ಷ ದಾಟಿದ ಎಲ್ಲರನ್ನೂ ಲೆಕ್ಕಕ್ಕೆ ತಗೊಂಡು. ಸಂಬಳ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದ್ದು ದಿನಕ್ಕೆ 299 ನಿಮಿಷ, ಗಂಡಸರದ್ದು 97. ಮೇಷ್ಟ್ರಿಗೆ ತೋರಿಸಬೇಕಿತ್ತು.

ನಾನೇನು ಸುಧಾರಿಸಿದ್ದೇನೆ ಅಂದುಕೊಳ್ಳಬೇಡಿ. ಮೊನ್ನೆ ನೆಂಟರು ಬಂದಾಗ ಕಾಫಿ ಲೋಟ ತೊಳೆಯೋಕೆ ನನ್ನ ಬಾಯಿಗೆ ಬಂದಿದ್ದು ಮಗಳ ಹೆಸರೇ. ಮಗ ಅಲ್ಲೇ ಮೊಬೈಲ್ ಹಿಡಿದು ಬಿದ್ದುಕೊಂಡಿದ್ದ.

ಇದನ್ನು ಹಾಕುವ ಮೊದಲು ಅಣ್ಣನಿಗೆ ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಂಗೆ ಜ್ವರ ಬಂದಾಗ ಒಂದಿನ ನಾನು ಮುದ್ದೆ ಮಾಡಿದ್ನಲ್ಲೇ, ಅದನ್ನೂ ಬರಿ" ಅಂದ.

ಮಾಡಿದ್ದ. ಪೂರ್ತಿ ಗಂಟು ಗಂಟು. ಬರೆದಿದ್ದೀನಿ ಕಣಣ್ಣ.