ಪೀಣ್ಯದಲ್ಲಿ ತಿರುಗಿದ ಗೇರ್‌ಬಾಕ್ಸ್ ಯಲಹಂಕದಲ್ಲಿ ಯಾಕೆ ನಿಂತಿತು

ತಿರುಗುತ್ತಿದೆ! ಯಲಹಂಕದ ವಿಮಾನ ಪ್ರದರ್ಶನ ಏರೋ ಇಂಡಿಯಾ 2025ರಲ್ಲಿ ಸಾರ್ವಜನಿಕರಿಗೆ ಬಿಟ್ಟ ಫೆಬ್ರವರಿ 13, 14, ಎರಡೂ ದಿನ, ರಿಪೇರಿಯಾದ ನಮ್ಮ ಗೇರ್‌ಬಾಕ್ಸ್ ಮಾಡೆಲ್ ಒಮ್ಮೆಯೂ ನಿಲ್ಲಲಿಲ್ಲ.

ನಮ್ಮದು ಪೀಣ್ಯದ ಸಣ್ಣ ಗೇರ್ ಕಂಪನಿ. ಗಿರಾಕಿಗಳ ಪಾರ್ಟ್‌ಗಳನ್ನು ಸ್ಟಾಲ್‌ನಲ್ಲಿ ಇಡುವ ಹಾಗಿಲ್ಲ, ಡ್ರಾಯಿಂಗ್ ಅವರದ್ದು. ಹಾಗಾಗಿ ಟರ್ಬೊಪ್ರಾಪ್ ವಿಮಾನದಲ್ಲಿ ಟರ್ಬೈನಿನ ವೇಗ ಇಳಿಸಿ ಪ್ರೊಪೆಲರ್‌ಗೆ ಕೊಡುವ ರಿಡಕ್ಷನ್ ಗೇರ್‌ಬಾಕ್ಸ್‌ನ ಒಂದು ಹಂತವನ್ನು ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದೆ. ನಡುವಿನ ಗೇರ್ ಸನ್, 12 ಹಲ್ಲು; ಅದರ ಸುತ್ತ ತಿರುಗುವ ಮೂರು ಪ್ಲಾನೆಟ್‌ಗೆ ತಲಾ 18; ಹೊರಗಿನ ರಿಂಗ್ 48. ರಿಂಗ್ ಹಿಡಿದಿಟ್ಟರೆ 5ಕ್ಕೆ 1: ಸನ್ ಐದು ಸುತ್ತು ಹಾಕಿದರೆ ಪ್ಲಾನೆಟ್‌ಗಳ ಪಿನ್ ಹಿಡಿದಿರುವ ಕ್ಯಾರಿಯರ್ ಒಂದು ಸುತ್ತು.

ವರ್ಕ್‌ಶಾಪ್‌ನಲ್ಲಿ ಬೆಣ್ಣೆಯ ಹಾಗೆ ತಿರುಗಿತ್ತು. ಸ್ಟಾಲ್‌ನಲ್ಲಿ ಮೊದಲ ಮಧ್ಯಾಹ್ನವೇ ಟಕ್ ಟಕ್ ಅಂದು ನಿಂತಿತು. ಅನುಮಾನ ಹೋದದ್ದು ಅದನ್ನು ತಿರುಗಿಸುವ ಮೋಟರ್ ಮೇಲೆ. ಚೀಟಿಯಲ್ಲಿ 30 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ತಿರುಗುವುದು 100. ಬದಲಾಯಿಸಿ ಕೊಡಿ ಅಂದರೆ ಅಂಗಡಿಯವರದು ಒಂದೇ ಉತ್ತರ: ‘ಎಲ್ಲಾ ಒಂದೇ ಸಾರ್’. ಒಂದೇ ಅಲ್ಲ! ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವುದು) ಹಾಕಿ ವೇಗ ಇಳಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಕೂಡ ಇಳಿಯುತ್ತದೆ, ಸ್ವಲ್ಪ ಬಿಗಿಯಾದರೂ ಮೋಟರ್ ಸೋಲುತ್ತದೆ.

ಆದರೆ ಬಿಗಿ ಎಲ್ಲಿಂದ ಬಂತು? ರಷ್ಯಾದ ಯುದ್ಧವಿಮಾನ ಸುಖೋಯ್-57 ಮೇಲೇರಿದಾಗ ಹಾಲ್‌ಗೆ ಹಾಲೇ ಹೊರಗೆ ಓಡಿತು. ಅದೇ ಸಮಯ ಅಂತ ಮಾಡೆಲ್ ಇಟ್ಟಿದ್ದ ಪೆಟ್ಟಿಗೆ ಬಿಚ್ಚಿದೆ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹಲ್ಲುಗಳ ನಡುವೆ ಕಾಗದದ ಪಟ್ಟಿ ತೂರಿಸಿ ಕೈಯಲ್ಲಿ ತಿರುಗಿಸಿದೆ. ಎರಡು ಪ್ಲಾನೆಟ್‌ಗಳ ಹತ್ತಿರ ಕಾಗದ ಸರಾಗವಾಗಿ ಹೊರಬಂತು, ಮೂರನೆಯದರಲ್ಲಿ ಹರಿಯಿತು. ಅದರ ಪಿನ್ ಒಳಗೆ ವಾಲಿತ್ತು. ಸ್ಟಾಲ್ ಕಟ್ಟಿಕೊಟ್ಟವರು ಅಕ್ರಿಲಿಕ್ ಪೆಟ್ಟಿಗೆಯ ಮೇಲೆಯೇ ಹ್ಯಾಲೊಜೆನ್ ದೀಪ ಹಾಕಿದ್ದರು. ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಅಲ್ವಾ? ಅದಕ್ಕಿಂತ ಕೆಳಗೂ ಒತ್ತಡ ಬೀಳುತ್ತಲೇ ಇದ್ದರೆ ನಿಧಾನವಾಗಿ ಬಾಗುತ್ತದೆ. ತಣ್ಣಗಾದರೂ ಹಿಂದಿನ ಆಕಾರಕ್ಕೆ ಬರುವುದಿಲ್ಲ.

ವರ್ಕ್‌ಶಾಪ್‌ನಲ್ಲಿ ರಾತ್ರಿ ಪಾಳಿಯಲ್ಲಿ ವಿಎಂಸಿ (ಲೋಹ ಕಡಿಯುವ ಕಂಪ್ಯೂಟರ್ ಯಂತ್ರ) ನಡೆಸುವ ಅಣ್ಣ ಅಲ್ಯೂಮಿನಿಯಂ ತಟ್ಟೆಯಲ್ಲಿ ಹೊಸ ಕ್ಯಾರಿಯರ್ ಕಡಿದು ಕೊಟ್ಟರು. ಪಿನ್ ಸ್ಟೀಲಿನದು, ಅದರ ಸುತ್ತ ಕೂರುವ ಬುಷ್ ಹಿತ್ತಾಳೆಯದು. ದೀಪ ತೆಗೆದು ಎಲ್‌ಇಡಿ ಹಾಕಿಸಿದೆ. ಪೆಟ್ಟಿಗೆಯ ಕೆಳಗೂ ಮೇಲೂ ಗಾಳಿಗೆ ತೂತು ಕೊರೆದೆ. ಗೇರ್‌ಗಳು ಮಾತ್ರ ಹಳೆಯವೇ, ಅವಕ್ಕೆ ಏನೂ ಆಗಿರಲಿಲ್ಲ.

ಕಾಲೇಜು ಹುಡುಗಿಯೊಬ್ಬಳು ಬಂದು ಪ್ಲಾನೆಟ್ ಹಲ್ಲು ಎಣಿಸಿ, ‘ಸರ್, ಅನುಪಾತದ ಲೆಕ್ಕದಲ್ಲಿ 18 ಬರುವುದೇ ಇಲ್ವಲ್ಲ?’ ಎಂದಳು. ಎಂಥ ಪ್ರಶ್ನೆ! ಬ್ರೋಷರ್ ಹಿಂದೆ 1+48/12 ಬರೆದು ಕೂತೆವು. ಅಷ್ಟು ಹೊತ್ತು ಬೇರೆ ಯಾರನ್ನೂ ಮಾತಾಡಿಸಲಿಲ್ಲ.

ಮುಂದಿನ ಮಾಡೆಲ್ ಪಿಚ್ (ಬ್ಲೇಡಿನ ಓರೆ) ಬದಲಾಗುವ ಪ್ರೊಪೆಲರ್ ಹಬ್, ಅಂದರೆ ಬ್ಲೇಡ್‌ಗಳು ಕೂರುವ ನಡುಭಾಗ. ಎಣ್ಣೆ ಒತ್ತಿದರೆ ಬ್ಲೇಡ್ ಫೈನ್ ಪಿಚ್ (ಕಡಿಮೆ ಓರೆ) ಕಡೆ, ಒತ್ತಡ ಹೋದರೆ ಸ್ಪ್ರಿಂಗ್ ಎಳೆದು ಫೆದರ್‌ಗೆ, ಅಂದರೆ ಗಾಳಿಗೆ ಅಂಚು ಕೊಟ್ಟು ನಿಲ್ಲುವ ಸ್ಥಿತಿಗೆ. ಪಂಪ್ ಬದಲು ಸಿರಿಂಜ್, ನೋಡುವವರೇ ಒತ್ತಬಹುದು. ಬ್ಲೇಡ್ ಬುಡಕ್ಕೆ 8 ಮಿ.ಮೀ. ಒಳವ್ಯಾಸದ ಥ್ರಸ್ಟ್ ಬೇರಿಂಗ್ (ಅಕ್ಷದ ನೇರಕ್ಕೆ ಬೀಳುವ ಒತ್ತಡ ತಡೆಯುವ ಬೇರಿಂಗ್) ಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ಬಿಡಿಯಾಗಿ ಕೊಡುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ.