ಜೆರುಸಲೇಮಿನ ಅಡುಗೆಮನೆಯಲ್ಲಿ ಎರಡು ಸಿಂಕು

ಜೆರುಸಲೇಮಿನ ನಮ್ಮ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಚೀಸು, ಮೊಸರು, ಬೆಣ್ಣೆಗಳ ಸಂತೆಯೇ ನೆರೆದಿರುತ್ತಿತ್ತು. ಮಾಂಸದ ಚೂರೂ ಕಾಣಿಸುತ್ತಿರಲಿಲ್ಲ. ರಾತ್ರಿ ಊಟಕ್ಕೆ ಇಳಿದರೆ ಎಲ್ಲ ತಿರುವುಮುರುವು. ಕುರಿ ಉಂಟು, ಕೋಳಿ ಉಂಟು, ಹಾಲಿನ ಹನಿಯಿಲ್ಲ. ಕಾಫಿಗೆ ಹಾಲು ಕೇಳಿದರೆ ಬಡಿಸುವ ಹುಡುಗ ಸೋಯಾ ಹಾಲಿನ ಡಬ್ಬಿ ತಂದಿಟ್ಟ. ಅದಕ್ಕಿಂತ ಕರಿ ಕಾಫಿ ವಾಸಿ.

ಇದು ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮ. ಇದರ ಬೇರು ಇರುವುದು ಅವರ ಧರ್ಮಗ್ರಂಥವಾದ ತೋರಾದಲ್ಲಿ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ಅಲ್ಲಿ ಮೂರು ಕಡೆ ಬರುತ್ತದೆ. ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಅದನ್ನು ವಿಸ್ತರಿಸುತ್ತ ಹೋಗಿ, ಯಾವ ಮಾಂಸವೂ ಯಾವ ಹಾಲಿನ ಜೊತೆಗೂ ಕೂಡದು ಎಂದರು. ಹಾಲೇ ಕೊಡದ ಕೋಳಿಯೂ ಆ ಲೆಕ್ಕಕ್ಕೆ ಸೇರಿತು! ಮಾಂಸ ತಿಂದವರು ಹಾಲು ಮುಟ್ಟಬೇಕಾದರೆ ಅನೇಕರ ರೂಢಿಯಲ್ಲಿ 6 ಗಂಟೆ ಕಾಯಬೇಕು. ಜರ್ಮನಿ ಮೂಲದವರಲ್ಲಿ 3 ಗಂಟೆ ಸಾಕು.

ಶುಕ್ರವಾರ ನಮ್ಮ ಗೈಡ್ ಮಹನೆ ಯೆಹೂದಾ ಮಾರುಕಟ್ಟೆಗೆ ಕರೆದೊಯ್ದರು. ಯಹೂದಿಗಳ ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗೆ ಮುಂಚಿನ ನೂಕುನುಗ್ಗಲು. ತಿಂಡಿ ಅಂಗಡಿಗಳ ಗೋಡೆಯಲ್ಲಿ ರಬ್ಬಿಗಳ ಮಂಡಳಿ ಕೊಟ್ಟ ಕೋಷರ್ ಪ್ರಮಾಣಪತ್ರ ತೂಗುತ್ತದೆ. ಅದರಲ್ಲಿ ಅಂಗಡಿ ಮಾಂಸದ್ದೋ ಹಾಲಿನದೋ ಎಂದು ಬರೆದಿರುತ್ತದೆ, ಅವಧಿಯೂ ಇರುತ್ತದೆ. ಶನಿವಾರ ಬಾಗಿಲು ತೆರೆಯುವ ಹೋಟೆಲಿಗೆ ಸಾಮಾನ್ಯವಾಗಿ ಈ ಪತ್ರ ಸಿಗದು. ರಬ್ಬಿ ಬಂದು ಮಂತ್ರ ಹೇಳಿದರೆ ಆಹಾರ ಕೋಷರ್ ಆಗುತ್ತದೆ ಎಂದು ನಂಬಿದವರು ನಮ್ಮ ಗುಂಪಿನಲ್ಲೇ ಇದ್ದರು. ಹಾಗೇನಿಲ್ಲ. ನೋಡುವುದು ಪ್ರಾಣಿ ಯಾವುದು, ಕೊಯ್ದದ್ದು ಹೇಗೆ, ಬೇಯಿಸಿದ ಪಾತ್ರೆ ಎಂಥದು ಎಂಬುದನ್ನು.

ತಿನ್ನುವ ಪ್ರಾಣಿಯ ಗೊರಸು ಸೀಳಿರಬೇಕು, ಅದು ಮೆಲುಕೂ ಹಾಕಬೇಕು. ಹಂದಿಗೆ ಗೊರಸು ಸೀಳಿದ್ದರೂ ಮೆಲುಕಿಲ್ಲ. ಒಂಟೆಗೆ ಮೆಲುಕಿದ್ದರೂ ಗೊರಸು ಸರಿಯಿಲ್ಲ. ಎರಡೂ ಹೊರಗೆ. ಮೀನಿಗೆ ರೆಕ್ಕೆಯೂ ಹುರುಪೆಯೂ ಬೇಕು ಎಂದು ಕೇಳಿದ್ದೇ ತಡ, ಜೊತೆಗಿದ್ದ ಮಂಗಳೂರಿನ ಗೆಳೆಯ ತೀರ್ಪು ಕೊಟ್ಟೇಬಿಟ್ಟ: "ಬಂಗುಡೆ, ಬೂತಾಯಿ ಪಾಸು. ಸಿಗಡಿ, ಏಡಿ ಫೇಲು. ಸಿಗಡಿ ಇಲ್ಲದೆ ಬದುಕುವುದು ಹೇಗೆ ಮಾರಾಯ್ರೆ!"

ಹಂದಿಮಾಂಸ ಆರೋಗ್ಯಕ್ಕೆ ಕೆಟ್ಟದ್ದು, ಅದಕ್ಕೇ ಬಿಟ್ಟರು ಎಂಬ ವಿವರಣೆ ಪ್ರವಾಸಿಗರಿಗೆ ಬಲು ಇಷ್ಟ. 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡಿಸ್ ಸ್ವತಃ ವೈದ್ಯ. ಅವನೂ ಇಂಥ ಕಾರಣ ಕೊಟ್ಟಿದ್ದಾನೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಒಂಟೆ ಮಾಂಸ ತಿಂದು ಗಟ್ಟಿಮುಟ್ಟಾಗಿರುವ ಜನ ಪಕ್ಕದಲ್ಲೇ ಇದ್ದಾರಲ್ಲ! ಗೈಡ್ ಹೇಳಿದ್ದು ನೇರವಾಗಿತ್ತು: "ದೇವರು ಹೇಳಿದ, ನಾವು ಮಾಡುತ್ತೇವೆ."

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಗೈಡ್‌ನ ಹೆಂಡತಿಯ ತಾಯಿ ಕೊಚ್ಚಿಯ ಯಹೂದಿ. 1950ರ ದಶಕದಲ್ಲಿ ಆ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಬಂದರು. ಅಡುಗೆಮನೆಯಲ್ಲಿ ಎರಡು ಸಿಂಕು. ಕೆಂಪು ಹಿಡಿಯ ಚಾಕು ಮಾಂಸಕ್ಕೆ, ನೀಲಿ ಹಿಡಿಯದು ಹಾಲಿನ ಪದಾರ್ಥಕ್ಕೆ, ಹಸಿರು ತರಕಾರಿಗೆ. ಗೈಡ್‌ನ ಹೆಂಡತಿ ಮೊಟ್ಟೆಗಳನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು, ಬೆಳಕಿಗೆ ಹಿಡಿದು, ಆಮೇಲೆ ಬಟ್ಟಲಿಗೆ ಸುರಿಯುತ್ತಿದ್ದರು. ರಕ್ತದ ಚುಕ್ಕೆ ಕಂಡರೆ ಆ ಮೊಟ್ಟೆ ಕಸಕ್ಕೆ. ಮಾಂಸದ್ದೂ ಅದೇ ಕಥೆ: ರಕ್ತ ಇಳಿಯಲೆಂದು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ದಪ್ಪ ಉಪ್ಪು ಮೆತ್ತಿಟ್ಟು, ಚೆನ್ನಾಗಿ ತೊಳೆಯುತ್ತಾರೆ. ಈಗ ಅಂಗಡಿಯವರೇ ಮಾಡಿ ಕೊಡುತ್ತಾರಂತೆ. ಸೊಪ್ಪನ್ನೂ ನೀರಿನಲ್ಲಿ ಮುಳುಗಿಸಿ ಎಲೆ ಎಲೆ ಬಿಡಿಸಿ ನೋಡಿದರು. ಹುಳು ಹೊಟ್ಟೆಗೆ ಹೋಗಬಾರದು. ಮುಸುರೆ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಿ ಅಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಆ ಅಡುಗೆಮನೆ ಅಷ್ಟೇನೂ ಪರಕೀಯ ಅನಿಸಲಿಲ್ಲ.

ಮೇಜಿನ ಮೇಲೆ ಬಂದದ್ದು ಬಿಳಿಯ ದಪ್ಪ ರಸದ ಕೋಳಿ ಸಾರು. ಕೋಷರ್ ಮನೆಯಲ್ಲಿ ಕೋಳಿಗೆ ಹಾಲೇ ಎಂದು ಬೆಚ್ಚಿ ನೋಡಿದೆ. ತೆಂಗಿನ ಹಾಲು! ಅದು ಮಾಂಸವೂ ಅಲ್ಲ, ಹಾಲೂ ಅಲ್ಲ. ಇಂಥದ್ದನ್ನು ಅವರು ಪಾರ್ವೆ ಎನ್ನುತ್ತಾರೆ, ಯಾವುದರ ಜೊತೆಗೂ ಸಲ್ಲುತ್ತದೆ. ಕೊಚ್ಚಿಯ ಯಹೂದಿಗಳಿಗೂ ಕೊಂಕಣ ತೀರದ ಬೆನೆ ಇಸ್ರೇಲಿ ಯಹೂದಿಗಳಿಗೂ ಮನೆಯಂಗಳದ ತೆಂಗು ಒದಗಿಬಂದದ್ದು ಹೀಗೆ.

"ಇದು ನಮ್ಮ ಕೋರಿ ಗಸಿಯ ತಂಗಿಯೇ" ಎಂದು ಗೆಳೆಯ ಎರಡನೇ ಸಲ ಬಡಿಸಿಕೊಂಡ. ಆಕೆಗೆ ಮಾತಿಗೆ ಪುರುಸೊತ್ತಿರಲಿಲ್ಲ. ಸೂರ್ಯ ಮುಳುಗಿದರೆ ಸಬ್ಬತ್ ಶುರು, ಒಲೆ ಹಚ್ಚುವಂತಿಲ್ಲ. ಶನಿವಾರದ ಊಟಕ್ಕೆ ಹಮೀನ್ ಎಂಬ, ನಿಧಾನವಾಗಿ ಬೇಯುವ ಅಡುಗೆಯ ಪಾತ್ರೆಯನ್ನು ಅಷ್ಟರೊಳಗೆ ಬಿಸಿ ತಟ್ಟೆಯ ಮೇಲೇರಿಸಿ, ರಾತ್ರಿಯಿಡೀ ಬೇಯಲು ಬಿಡಬೇಕಿತ್ತು.