ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಒಳ್ಳೆಯ ಅನಾಥಾಶ್ರಮ ಯಾವುದು?

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು ಎಂದು ಗೊತ್ತಾದ ಕೂಡಲೇ ನೆಂಟರು, ಪರಿಚಿತರು, ಕೆಲವೊಮ್ಮೆ ಹೆಸರನ್ನೂ ಹೇಳದೆ ಫೋನ್ ಮಾಡುವವರು ಕೇಳುವ ಪ್ರಶ್ನೆ ಒಂದೇ: "ಮಗನ ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸಬೇಕು ಅಂತಿದ್ದೀವಿ, ಒಳ್ಳೆಯ ಆಶ್ರಮ ಇದ್ದರೆ ಹೇಳಿ ಮೇಡಂ." ಅನ್ನದಾನವನ್ನು ದೊಡ್ಡ ಪುಣ್ಯವೆಂದು ನಂಬಿ ಬೆಳೆದವರು ನಾವೆಲ್ಲ, ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಇದನ್ನು ಜಂಭವೆಂದು ತಿಳಿದು ಬೇಸರಪಟ್ಟುಕೊಂಡವರೂ ಇರುವುದರಿಂದ ಕಾರಣವನ್ನು ಒಮ್ಮೆ ಬರೆದಿಡುತ್ತಿದ್ದೇನೆ.

ಮೊದಲನೆಯದಾಗಿ, ಆ ಹೆಸರೇ ದಾರಿ ತಪ್ಪಿಸುವಂಥದ್ದು. ನಾನು ಕಂಡ ಪಾಲನಾ ಸಂಸ್ಥೆಗಳಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗಿಂತ ಒಬ್ಬರಾದರೂ ಇರುವ ಮಕ್ಕಳೇ ಹೆಚ್ಚು. ಅಪ್ಪ ತೀರಿಕೊಂಡು ಅಮ್ಮ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದಿರುತ್ತಾಳೆ. ತಗಡಿನ ಶೆಡ್ಡಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಲಾರದೆ, ಊಟ ಮತ್ತು ಶಾಲೆ ಎರಡೂ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ತಂದು ಸೇರಿಸಿರುತ್ತಾಳೆ. ಭೇಟಿಯ ದಿನ ಗೇಟಿನ ಬಳಿ ಬೇಕರಿಯ ಪೊಟ್ಟಣ ಹಿಡಿದು ಗಂಟೆಗಟ್ಟಲೆ ಕಾಯುವವರು ಇಂಥ ತಾಯಂದಿರೇ. ಅವರ ಮಗುವನ್ನು ಅನಾಥನೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಒಂದು ಭಾನುವಾರ ನಾನು ಹೋಗಿದ್ದಾಗ ಒಂದೇ ಕಡೆ ಮೂರು ಹುಟ್ಟುಹಬ್ಬಗಳು ನಡೆದವು. ಬೆಳಿಗ್ಗೆ ಕೇಸರಿಬಾತ್, ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಕೇಕು. ಐದು ನಿಮಿಷದ ಹಿಂದೆ ಹೆಸರು ಕೇಳಿದ ಹುಡುಗನಿಗೆ ನಲವತ್ತು ಮಕ್ಕಳು ಸಾಲಾಗಿ ನಿಂತು ಹಾಡು ಹೇಳಿದರು, ಫೋಟೋ ತೆಗೆಸಿಕೊಂಡರು, ಹೊಟ್ಟೆ ತುಂಬಿದ್ದರೂ ಮತ್ತೆ ತಿಂದರು. ಮಂಗಳವಾರ ರಾತ್ರಿ ಯಾರೂ ಬರುವುದಿಲ್ಲ. ಅಂದ ಹಾಗೆ, ಆ ಮಕ್ಕಳ ಗುರುತು ಹೊರಬೀಳುವಂತೆ ಚಿತ್ರ ಹಂಚಿಕೊಳ್ಳುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಸ್ಟೇಟಸ್ ಹಾಕುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಅದೇ ಕಾಯ್ದೆ ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿಯಾಗಬೇಕೆಂದು ಹೇಳುತ್ತದೆ. ಇದು ಬರೀ ಭಾವನೆಯ ಮಾತಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವೊಂದರಲ್ಲಿ, ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಬೇರೆಯವರ ಮಗುವನ್ನು ಮನೆಯಲ್ಲಿಟ್ಟು ಬೆಳೆಸುವ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಮನೆ ಸೇರಿದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲಿಯೂ ಬಾಂಧವ್ಯದಲ್ಲಿಯೂ ಉಳಿದವರಿಗಿಂತ ಮುಂದೆ ಹೋದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಯಿತು. ಪಾಳಿಯ ಮೇಲೆ ಬದಲಾಗುವ ಆಯಾ ಎಷ್ಟೇ ಒಳ್ಳೆಯವಳಿರಲಿ, ರಾತ್ರಿ ಎಚ್ಚರವಾಗಿ ಅತ್ತಾಗ ಅದೇ ಮುಖ ಕಾಣುತ್ತದೆಂಬ ಖಾತ್ರಿ ಮಗುವಿಗೆ ಇರುವುದಿಲ್ಲ.

ಹಾಗಾದರೆ ಬಡತನಕ್ಕೇನು ಮಾಡುವುದು? ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಪ್ರಾಯೋಜಕತ್ವ ಎಂಬ ಯೋಜನೆಯಿದೆ. ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ, ನಗರದಲ್ಲಿ 96,000 ರೂಪಾಯಿ ಮೀರದ ಆದಾಯವಿರುವ ಮನೆಯ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ವಿಧವೆಯರ ಮಕ್ಕಳು, ಅಜ್ಜಿಯ ಅಥವಾ ಚಿಕ್ಕಪ್ಪನ ಆಶ್ರಯದಲ್ಲಿರುವ ಮಕ್ಕಳು ಇದರಡಿ ಬರಬಹುದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು.

ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಅಜ್ಜಿಯ ಮನೆಗೆ ಹೀಗೆ ಮರಳಿದ ಹುಡುಗನೊಬ್ಬ ನೆನಪಾಗುತ್ತಾನೆ. ಮೂರು ವರ್ಷ ಸಂಸ್ಥೆಯಲ್ಲಿ ಇದ್ದವನು. ಮನೆಗೆ ಬಂದ ಮೊದಲ ವಾರ ರೊಟ್ಟಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಕೈಕಟ್ಟಿ ಕೂರುತ್ತಿದ್ದನಂತೆ. ಎಲ್ಲರಿಗೂ ಬಡಿಸಿ, ದಾನಿಯ ಹೆಸರು ಹೇಳಿ, ಪ್ರಾರ್ಥನೆ ಮುಗಿದ ಮೇಲೆಯೇ ತಿನ್ನುವ ರೂಢಿ ಅವನಿಗೆ. "ಯಾರಿಗ ಕಾಯಾಕತ್ತೀಯೋ, ಉಣ್ಣೋ" ಎಂದು ಅಜ್ಜಿ ಗದರಿದಳಂತೆ. ಅದನ್ನು ಹೇಳುವಾಗ ಅವಳಿಗೆ ನಗು, ನನಗೆ ಅಷ್ಟು ನಗು ಬರಲಿಲ್ಲ.

ಎಲ್ಲವೂ ಇಷ್ಟು ಸಲೀಸಾಗಿ ನಡೆಯುತ್ತದೆಂದು ನಾನು ಹೇಳಲಾರೆ. ಆ ಅಜ್ಜಿಗೂ ಹಣ ತಿಂಗಳುಗಟ್ಟಲೆ ತಡವಾಯಿತು, ಬ್ಯಾಂಕ್ ಖಾತೆ ಮತ್ತು ಆಧಾರ್‌ನ ಹೆಸರು ಹೊಂದದೆ ಅವಳು ನಾಲ್ಕು ಸಲ ಪಟ್ಟಣಕ್ಕೆ ಅಲೆದಳು. ಮನೆಯೇ ಅಪಾಯವಾಗಿರುವ ಮಕ್ಕಳೂ ಇದ್ದಾರೆ; ಹೊಡೆತಕ್ಕೆ, ಲೈಂಗಿಕ ದೌರ್ಜನ್ಯಕ್ಕೆ ಅವರನ್ನು ಹಿಂದಿರುಗಿಸಲು ಯಾರೂ ಹೇಳುವುದಿಲ್ಲ. ಅಂಥವರಿಗಾಗಿಯೇ ಪೋಷಕತ್ವ, ಅಂದರೆ ಫಾಸ್ಟರ್ ಕೇರ್, ಕಾಯ್ದೆಯ 44ನೆಯ ಕಲಮಿನಲ್ಲಿದೆ. 2024ರ ಮಾರ್ಗಸೂಚಿಯ ಪ್ರಕಾರ ಮದುವೆಯಾಗದವರೂ ಪೋಷಕರಾಗಬಹುದು, ಎರಡು ವರ್ಷದ ಪಾಲನೆಯ ಬಳಿಕ ದತ್ತುವಿಗೂ ಅರ್ಜಿ ಹಾಕಬಹುದು. ಮಗುವನ್ನು ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದ್ದು. ಕೋವಿಡ್ ಕಾಲದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ "ಅನಾಥ ಕೂಸಿದೆ, ಬೇಕಾದವರು ಸಂಪರ್ಕಿಸಿ" ಎಂಬಂಥ ಸಂದೇಶಗಳನ್ನು ನಂಬಿ ಹೋಗುವುದು ಅಪರಾಧಕ್ಕೆ ಕೈಜೋಡಿಸಿದಂತೆ.

ದಾನದ ಲೆಕ್ಕದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಇನ್ನೊಂದು ಸಂಗತಿ. ಹಾಸಿಗೆ ತುಂಬಿದ್ದರೆ ದಾನಿಗಳು ಬರುತ್ತಾರೆ. ಹತ್ತು ಮಕ್ಕಳನ್ನು ಮನೆಗೆ ಕಳುಹಿಸಿ ಕೋಣೆ ಖಾಲಿ ಮಾಡಿಕೊಂಡ ಸಂಸ್ಥೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಸಂಸ್ಥೆಗೇ ಕೊಡುವುದಿದ್ದರೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು, ಅವರನ್ನು ನೋಡಿ ಬರಲು ಯಾರು ಹೋಗುತ್ತಾರೆ ಎಂದು ಕೇಳಿ ಕೊಡಿ ಎನ್ನುತ್ತೇನೆ. ಊರೂರು ತಿರುಗುವ ಆ ಕಾರ್ಯಕರ್ತೆಯ ಸಂಬಳಕ್ಕೆ ದುಡ್ಡು ಹುಟ್ಟುವುದು ಹೋಳಿಗೆ ಊಟಕ್ಕೆ ಹುಟ್ಟಿದಷ್ಟು ಸುಲಭವಲ್ಲ.

ಇತ್ತೀಚೆಗೆ ಹೀಗೆ ಫೋನ್ ಮಾಡಿದ ಒಬ್ಬರು ಇಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಅಂಥ ಕಾರ್ಯಕರ್ತೆಯೊಬ್ಬಳ ಆರು ತಿಂಗಳ ಓಡಾಟದ ಖರ್ಚನ್ನು ಕೊಟ್ಟರು. ಕೊನೆಗೆ ಸಂಕೋಚದಿಂದಲೇ, "ಫೋಟೋ ಏನಾದರೂ ಸಿಗುತ್ತಾ ಮೇಡಂ?" ಎಂದರು. ಬಸ್ ಟಿಕೆಟ್ಟಿನದ್ದಾದರೆ ಕಳುಹಿಸುತ್ತೇನೆ ಎಂದೆ.